ಬೆವರುವ ಮಡಕೆಗಳು

ಮಾರ್ಚ್ 9, ಸೋಮವಾರ

ಹಾಲು: 11 ಸಲ. ಒದ್ದೆ ಬಟ್ಟೆ: 7. ನಿದ್ದೆ (ಬಟಾಣಿಯದು): ಬಿಡಿಬಿಡಿಯಾಗಿ 12 ಗಂಟೆ 20 ನಿಮಿಷ. ನಿದ್ದೆ (ನನ್ನದು): ಹೇಳಿಕೊಳ್ಳುವಷ್ಟಿಲ್ಲ.

ಈ ನೋಟ್‌ಬುಕ್ಕಿನ ಮುಂದಿನ ಪುಟಗಳಲ್ಲಿ ಮಗಳ, ಎಂದರೆ ನಮ್ಮ ಬಟಾಣಿಯ, ಹಾಲಿನ ಚಾರ್ಟ್ ಇದೆ. ಹಿಂದಿನಿಂದ ತಿರುಗಿಸಿಕೊಂಡು ಬರೆಯುತ್ತಿರುವ ಈ ಪುಟಗಳು ನನ್ನವು. ಎಲ್ಲಾದರೂ ಇಳಿಸದಿದ್ದರೆ ತಲೆ ಸಿಡಿದೀತು.

ಬೆಳಿಗ್ಗೆ ಕಾಲೇಜಿನಿಂದ ಪತ್ರ ಬಂತು. ಹೆರಿಗೆ ರಜೆ ಮೇ ಕೊನೆಗೆ ಮುಗಿಯುತ್ತದೆ. ಜೂನ್ ಒಂದಕ್ಕೆ ಹಾಜರಾಗುತ್ತೀರೋ ಇಲ್ಲವೋ ಎಂಬುದನ್ನು ಮೇ ಹದಿನೈದರೊಳಗೆ ತಿಳಿಸಿ, ಇಲ್ಲವಾದರೆ ಆ ಜಾಗಕ್ಕೆ ಬೇರೆಯವರನ್ನು ತೆಗೆದುಕೊಳ್ಳಬೇಕಾಗುತ್ತದೆ ಎಂದಿತ್ತು. ಆರು ವರ್ಷ ನಾನು ನೋಡಿಕೊಂಡ ರಸಾಯನಶಾಸ್ತ್ರದ ಲ್ಯಾಬು ಅದು. ಯಾವ ಕಪಾಟಿನ ಯಾವ ಬಾಗಿಲು ಕಿರ್ ಅನ್ನುತ್ತದೆಂದು ಕಣ್ಣು ಮುಚ್ಚಿ ಹೇಳಬಲ್ಲೆ. ಆ ಜಾಗಕ್ಕೆ ಬೇರೆಯವರು! ಬರುತ್ತೇನೆಂದು ಈಗಲೇ ಬರೆದುಬಿಡಲು ಪೆನ್ನು ತೆಗೆದೆ. ಮರುಗಳಿಗೆಗೇ, ಜೂನಿಗೆ ಆರು ತಿಂಗಳಾಗುವ ಬಟಾಣಿಯನ್ನು ಬಿಟ್ಟು ಹೋಗುವುದನ್ನು ನೆನೆದು ಪತ್ರವನ್ನು ಮಡಚಿ ದಿಂಬಿನ ಕೆಳಗೆ ತಳ್ಳಿದೆ. ಸ್ನಾನಕ್ಕೆ ಹೋದರೂ ಬಾಗಿಲು ಅರ್ಧ ತೆರೆದಿಟ್ಟುಕೊಂಡು ಹೋಗುವವಳು ನಾನು.

"ಅಮ್ಮ ಇದ್ದಾಳಲ್ಲ ಮನೇಲಿ" ಎಂದರು ಇವರು ಫೋನಿನಲ್ಲಿ.

ಇದ್ದಾರೆ. ಅತ್ತೆ ಮೂವತ್ನಾಲ್ಕು ವರ್ಷ ದೊಡ್ಡಾಸ್ಪತ್ರೆಯಲ್ಲಿ ವಾರ್ಡ್ ಸಿಸ್ಟರ್ ಆಗಿದ್ದವರು. ಆದರೆ ನಾನು ಎರಡು ಗಂಟೆಗೊಮ್ಮೆ ಎಂದು ಗೆರೆ ಹೊಡೆದು ಮಾಡಿದ ಹಾಲಿನ ಚಾರ್ಟನ್ನು ಒಂದು ದಿನವೂ ನೋಡಿಲ್ಲ. ಕೇಳಿದರೆ, "ಅತ್ತಾಗ ಕೊಟ್ಟರಾಯ್ತು ಕಣೇ. ಮಗೂಗೆ ಗಡಿಯಾರ ನೋಡೋಕೆ ಬರುತ್ತಾ?" ಎನ್ನುತ್ತಾರೆ. ಇಂಥವರ ಕೈಗೆ ಕೊಟ್ಟು ಹೇಗೆ ಹೋಗಲಿ?

ಇವರದು ಕರೆಂಟು ತೆಗೆಯುವ ಗಾಳಿಯಂತ್ರಗಳ ರಿಪೇರಿ ಕೆಲಸ. ಮನೆಗೆ ಬರುವುದು ಹದಿನೈದು ದಿನಕ್ಕೊಂದು ಭಾನುವಾರ. ಹೋದ ಸಲ ಬಂದಾಗ ಮನೆಯ ಪಡುವಣ ಗೋಡೆಯುದ್ದಕ್ಕೂ ಆರು ಗಿಡ ನೆಟ್ಟು, ಕೈ ಕೊಡವಿಕೊಂಡು ಹೊರಟೇಬಿಟ್ಟರು. ಊರಾಚೆಯ ಹೊಸ ಮನೆ. ಸುತ್ತ ಒಂದು ಹಿಡಿ ನೆರಳಿಲ್ಲ. ಮಧ್ಯಾಹ್ನ ಎರಡಾದರೆ ಆ ಗೋಡೆ ಕಾದ ಕಾವಲಿ. ಅದರ ಈಚೆ ಬದಿಗೇ ಬಟಾಣಿಯ ತೊಟ್ಟಿಲು. ನಲ್ಲಿಯಲ್ಲಿ ನೀರು ಮೂರು ದಿನಕ್ಕೊಮ್ಮೆ, ಒಂದೇ ಗಂಟೆ. ಇನ್ನು ಗಿಡ ಉಳಿಸುವ ಹೊಣೆ ಯಾರ ತಲೆಗೆ ಬಂತೆಂದು ಬೇರೆ ಬರೆಯಬೇಕೇ?

ಮಾರ್ಚ್ 12, ಗುರುವಾರ

ಹಾಲು: 10 ಸಲ. ಒದ್ದೆ ಬಟ್ಟೆ: 8. ನಿದ್ದೆ (ಅವಳದು): 12 ಗಂಟೆ 5 ನಿಮಿಷ.

ಇವತ್ತು ಮೊದಲನೇ ಏರ್ಪಾಟು. ಖಾಲಿ ನೀರಿನ ಬಾಟಲಿಗಳ ತಳ ಕತ್ತರಿಸಿ, ಮುಚ್ಚಳಕ್ಕೆ ಕಾಸಿದ ಸೂಜಿಯಿಂದ ಒಂದೊಂದು ತೂತು ಮಾಡಿ, ಗಿಡದ ಬುಡದಲ್ಲಿ ತಲೆಕೆಳಗಾಗಿ ಹೂತೆ. ಬಟಾಣಿಯನ್ನು ಎದೆಗೆ ಕಟ್ಟಿಕೊಂಡೇ ಎಲ್ಲ ಮಾಡಿದ್ದು. ಅವಳ ತಲೆಗೆ ನನ್ನ ಟೋಪಿ, ನನ್ನ ತಲೆಗೆ ಅವಳ ಟವೆಲು.

ಅತ್ತೆ ಸೊಂಟದ ಮೇಲೆ ಕೈಯಿಟ್ಟುಕೊಂಡು ಬಂದು, ಈ ತುದಿಯಿಂದ ಆ ತುದಿಗೆ ರೌಂಡ್ಸ್ ಹೊಡೆದರು.

"ಆರು ಬೆಡ್ಡಿನ ವಾರ್ಡು. ಪರವಾಗಿಲ್ಲ. ಒಂದು ಬೇವು, ಎರಡು ದಾಳಿಂಬೆ, ಮೂರು ಹುಣಸೆ, ನಾಲ್ಕು ನೇರಳೆ, ಐದು ಮತ್ತೆ ಬೇವು, ಆರು ಸೀಬೆ. ಯಾವುದಾದ್ರೂ ಸೀರಿಯಸ್ಸಾ?"

"ನಾಲ್ಕನೇದು ಸ್ವಲ್ಪ ಬಾಡಿದೆ ಅತ್ತೆ."

"ಕೇಸ್ ಶೀಟ್ ಬರಿ" ಎಂದು ಒಳಗೆ ಹೋದರು.

ತಮಾಷೆಗೆ ಹೇಳಿದರೋ ಏನೋ, ನಾನು ನಿಜವಾಗಿಯೂ ಗೆರೆ ಹೊಡೆದು ಬರೆದೆ.

ಮಾರ್ಚ್ 19, ಗುರುವಾರ

ಹಾಲು: 11 ಸಲ. ನಿದ್ದೆ (ಅವಳದು): 11 ಗಂಟೆ 50 ನಿಮಿಷ. ಕಾಲು ಗಂಟೆ ಕಡಿಮೆ ಯಾಕೆ?

ಆರೂ ಬಾಟಲಿ ಕಟ್ಟಿಕೊಂಡಿವೆ. ನಮ್ಮ ನೀರು ಗಡಸು. ಸೂಜಿ ತೂತಿನ ಸುತ್ತ ಬಿಳಿ ಸುಣ್ಣ ಕೂತುಬಿಟ್ಟಿದೆ. ಎಂ.ಎಸ್‌ಸಿ. ಮಾಡಿದವಳಿಗೆ ಇದು ಮೊದಲೇ ಹೊಳೆಯಬಾರದಿತ್ತೇ? ವಿನೆಗರಿನಲ್ಲಿ ನೆನೆಸಿ, ಸೂಜಿಯಿಂದ ಕೆದಕಿ ತೊಳೆದೆ. ಮಧ್ಯಾಹ್ನದ ಹೊತ್ತಿಗೆ ತೂತು ದೊಡ್ಡದಾಗಿ ಬಾಟಲಿ ಹತ್ತು ನಿಮಿಷಕ್ಕೆ ಖಾಲಿ.

ಮೂರು ದಿನದ ನೀರು ಹತ್ತು ನಿಮಿಷದಲ್ಲಿ ಮಣ್ಣುಪಾಲಾದದ್ದು ನೋಡಿ ಅಳು ಬಂತು. ಬಟಾಣಿಯೂ ಅತ್ತಳು. ಅತ್ತೆ ಇಬ್ಬರನ್ನೂ ನೋಡಿ, "ಯಾರನ್ನ ಮೊದಲು ಎತ್ಕೊಳ್ಳಲಿ?" ಎಂದರು.

ಮಾರ್ಚ್ 20, ಶುಕ್ರವಾರ

ಅತ್ತೆ ತಮ್ಮ ಟ್ರಂಕು ತೆರೆದರು. ತಾರೀಕು ಮುಗಿದದ್ದೆಂದು ಆಸ್ಪತ್ರೆಯವರು ಎಸೆಯಲಿದ್ದ ಡ್ರಿಪ್ ಸೆಟ್ಟುಗಳು, ಪ್ಯಾಕ್ ಒಡೆಯದ ಹದಿನಾಲ್ಕು, ಅದರಲ್ಲಿದ್ದವು. "ಯಾವತ್ತಾದರೂ ಬೇಕಾಗುತ್ತೆ ಅಂತ ಇಟ್ಟಿದ್ದೆ" ಎಂದರು. ಯಾವತ್ತು, ಯಾರಿಗೆ ಎಂದು ಕೇಳಲು ಧೈರ್ಯವಾಗಲಿಲ್ಲ.

ಗೋಡೆಗೆ ಮೊಳೆ ಹೊಡೆದು ಆರು ಬಾಟಲಿ ತೂಗುಹಾಕಿದೆವು. ಚಕ್ರ ತಿರುಗಿಸಿದರೆ ಹನಿ ಜಾಸ್ತಿ, ಕಡಿಮೆ. ಆಹಾ! ಆರು ವರ್ಷ ಲ್ಯಾಬಿನ ಬ್ಯೂರೆಟ್ಟಿನ ಗಾಜುಕೊಳವೆಯಿಂದ ಹನಿ ಎಣಿಸಿದವಳು ನಾನು, ಮೂವತ್ನಾಲ್ಕು ವರ್ಷ ಸಲೈನಿನ ಹನಿ ಎಣಿಸಿದವರು ಅವರು. ನಿಮಿಷಕ್ಕೆ ಎಂಟು ಹನಿಯೆಂದು ಅವರು, ಹತ್ತೆಂದು ನಾನು. ಒಂಬತ್ತಕ್ಕೆ ರಾಜಿಯಾದೆವು. ಮದುವೆಯಾದ ಮೇಲೆ ನಾವಿಬ್ಬರೂ ಇಷ್ಟು ಒಮ್ಮತದಿಂದ ಮಾಡಿದ ಕೆಲಸ ಬೇರೊಂದಿಲ್ಲ.

ನೀರಿನ ಟ್ಯಾಂಕರಿನ ಡ್ರೈವರ್ ದಾರಿಯಲ್ಲಿ ಗಾಡಿ ನಿಲ್ಲಿಸಿ, ಕಿಟಕಿಯಿಂದ ತಲೆ ಹೊರಹಾಕಿ ಕೇಳಿದ: "ಏನಕ್ಕಾ, ಎಲ್ಲಕ್ಕೂ ಒಟ್ಟಿಗೇ ಜ್ವರಾನಾ?"

"ನಿನಗೂ ಒಂದು ಬೆಡ್ ಹಾಕ್ತೀನಿ, ಬಾ" ಎಂದರು ಅತ್ತೆ.

ಏಪ್ರಿಲ್ 1, ಬುಧವಾರ

ಹಾಲು: 10 ಸಲ. ಒದ್ದೆ ಬಟ್ಟೆ: 7. ಬೆಡ್ 1: 9 ಹನಿ. ಬೆಡ್ 2: 9. ಬೆಡ್ 3: 8 (ಸರಿಮಾಡಿದೆ). ಬೆಡ್ 4: ಎಲೆ ಹಳದಿ; 14ಕ್ಕೆ ಏರಿಸಿದೆ. ಬೆಡ್ 5: 9. ಬೆಡ್ 6: 9.

ಎರಡು ಗಂಟೆಗೊಮ್ಮೆ ಬಟಾಣಿಗೆ ಹಾಲು. ಅದು ಮುಗಿದ ತಕ್ಷಣ ಹೊರಗೆ ಹೋಗಿ ಹನಿ ಎಣಿಸುವುದು. ಗಾಳಿ ಬೀಸಿದರೆ ಕೊಳವೆ ಓಲಾಡಿ ನೀರು ಬೇರೆಡೆ ಬೀಳುತ್ತದೆ, ಬಿಸಿಲೇರಿದರೆ ಹನಿ ಬೇಗಬೇಗ ಬೀಳುತ್ತದೆ. ಹಾಗಾಗಿ ಹೋಗಲೇಬೇಕು. ಗಿಡಗಳು ಬುಡದಲ್ಲಿ ಸದಾ ತೇವವಾಗಿ, ಮೇಲೆ ಹಸಿರಾಗಿ ಚೆನ್ನಾಗಿಯೇ ಕಾಣುತ್ತಿವೆ, ನಾಲ್ಕನೆಯದೊಂದು ಬಿಟ್ಟು.

ಬಟಾಣಿಗೆ ಬಾಟಲಿ ಅಭ್ಯಾಸ ಮಾಡಿಸಲು ಇವತ್ತಿಗೆ ಒಂಬತ್ತನೇ ಪ್ರಯತ್ನ. ತುಟಿ ಬಿಗಿದು, ಮುಖ ತಿರುಗಿಸಿ, ಕೊನೆಗೆ ಬಾಟಲಿಗೆ ಒದ್ದಳು. ಹತ್ತು ದಿನದ ಹಿಂದೆ ಬಂದಿದ್ದ ಇವರು, "ಎರಡು ಗಂಟೆಗೊಂದ್ಸಲ ಹೊಟ್ಟೆ ತುಂಬಿಸ್ತಿದ್ರೆ ಬಾಟಲಿ ಯಾಕೆ ಬೇಕು ಅವಳಿಗೆ? ನನಗೆ ಯಾರಾದ್ರೂ ಹಂಗೆ ಊಟ ಹಾಕಿದ್ರೆ ನಾನೂ ಒದೀತೀನಿ" ಎಂದರು. ಇವರಿಗೇನು, ಇಂಥ ಮಾತೆಲ್ಲ ಚೆನ್ನಾಗಿ ಬರುತ್ತದೆ. ನಲವತ್ತು ಆಳೆತ್ತರದ ಕಂಬ ಹತ್ತಿ ಕೂರುವವರಿಗೆ ಕೆಳಗಿರುವ ಕಷ್ಟವೆಲ್ಲ ಸಣ್ಣದಾಗಿಯೇ ಕಾಣುತ್ತದೆ.

ಮೇ ಹದಿನೈದಕ್ಕೆ ನಲವತ್ತನಾಲ್ಕು ದಿನ. ಬಾಟಲಿ ಮುಟ್ಟದ ಮಗು, ಎರಡು ಗಂಟೆಗೊಮ್ಮೆ ಕರೆಯುವ ಆರು ಗಿಡ. ಕಾಲೇಜಿಗೆ ಏನೆಂದು ಬರೆಯುವುದೋ ನನಗೆ ಗೊತ್ತೇ ಇದೆ. ಬರೆಯಲು ಮಾತ್ರ ಕೈ ಬರುತ್ತಿಲ್ಲ.

ಏಪ್ರಿಲ್ 10, ಶುಕ್ರವಾರ

ಬಿಸಿಗಾಳಿ. ಮೂರು ದಿನದಿಂದ. ಕಿಟಕಿಯ ಸರಳು ಮುಟ್ಟಲಾಗುವುದಿಲ್ಲ. ಎಲ್ಲ ಬೆಡ್ಡಿಗೂ ಹನಿ ಇಮ್ಮಡಿ ಮಾಡಿದೆ. ಆದರೂ ಎಲೆಯ ಅಂಚು ಸುಟ್ಟ ಕಾಗದದಂತಾಗಿದೆ.

ಏಪ್ರಿಲ್ 11, ಶನಿವಾರ

ಬೆಡ್ ನಂಬರ್ ನಾಲ್ಕು ಹೋಯಿತು.

ಬೆಳಿಗ್ಗೆ ಗಾಳಿ ನಿಂತಿತ್ತು. ನೇರಳೆ ಗೋಡೆಗೆ ಒರಗಿಕೊಂಡಿತ್ತು. ನೆಟ್ಟಗೆ ಮಾಡೋಣವೆಂದು ಮೆಲ್ಲಗೆ ಹಿಡಿದರೆ ಬೇರು ಸಮೇತ ಕೈಗೆ ಬಂತು. ಬುಡ ಕೊಳೆತ ವಾಸನೆ. ಬೇರುಗಳೆಲ್ಲ ಹನಿ ಬೀಳುವ ಜಾಗದ ಸುತ್ತ, ಅಂಗೈಯಗಲದಲ್ಲಿ, ಮೇಲುಮಣ್ಣಿನಲ್ಲೇ ಗಂಟು ಹಾಕಿಕೊಂಡಿದ್ದವು. ಒಂದೇ ಒಂದು ಕೆಳಗೆ ಇಳಿದಿರಲಿಲ್ಲ.

ಗಿಡ ಹಿಡಿದುಕೊಂಡು ಹಾಗೇ ನಿಂತಿದ್ದೆ. ಶನಿವಾರ ಶನಿವಾರ ಮಡಕೆ ಮಾರುವ ಅಮ್ಮ ತಳ್ಳುಗಾಡಿಯೊಂದಿಗೆ ಅದೇ ಹೊತ್ತಿಗೆ ಬಂದಳು. ಧ್ವನಿವರ್ಧಕ ನುಂಗಿದಂಥ ಗಂಟಲು ಅವಳದು. ಗೋಡೆಯ ಮೇಲಿನ ಬಾಟಲಿಗಳನ್ನು ನೋಡಿ ಇವತ್ತು ಮಾತ್ರ ಮೆತ್ತಗೆ ಕೇಳಿದಳು:

"ಇದೇನು ತಾಯಿ?"

ಹೇಳಿದೆ. ಹೊತ್ತು ಹೊತ್ತಿಗೆ, ಹನಿ ಹನಿಯಾಗಿ, ಒಂದು ಗಳಿಗೆಯೂ ಒಣಗಲು ಬಿಡದೆ.

"ಬಾಯಾರಿಕೆ ಅಂದ್ರೇನು ಅಂತಾನೇ ಗೊತ್ತಾಗಿಲ್ಲ ಇದಕ್ಕೆ" ಎಂದಳು, ಬೇರನ್ನು ಬೆರಳಿನಿಂದ ಬಿಡಿಸುತ್ತ. "ನೀನು ಬಾಯಿಗೇ ತಂದು ಹುಯ್ತಾ ಇದ್ರೆ ಅದು ಯಾಕೆ ಕೆಳಗಿಳಿದು ಹುಡುಕುತ್ತೆ? ಬಿಸಿಲು ಬಿತ್ತು, ಮೇಲಿನ ಮಣ್ಣು ಕಾಯ್ತು, ಬೇರೂ ಬೆಂದೋಯ್ತು. ಒಂದೊಂದು ಗಿಡದ ಪಕ್ಕ ಒಂದೊಂದು ಮಡಕೆ ಹೂತಿಡು. ಕತ್ತಿನ ತನಕ ಮಣ್ಣು. ನೀರು ತುಂಬಿಸಿ ಮುಚ್ಚಳ ಹಾಕು. ಮಣ್ಣು ಒಣಗಿದ್ರೆ ಮಡಕೆ ನೀರು ಬಿಡುತ್ತೆ, ತೇವ ಇದ್ರೆ ಸುಮ್ನಿರುತ್ತೆ. ಬೇರು ತಾನಾಗೇ ಹುಡುಕ್ಕೊಂಡು ಬರುತ್ತೆ. ನೀನು ಸುಮ್ನೆ ಕೂತ್ಕೊ."

ಅತ್ತೆ ಬಾಗಿಲಲ್ಲಿ ನಿಂತು ಕೇಳಿಸಿಕೊಳ್ಳುತ್ತಿದ್ದರು. ಆಮೇಲೆ ಬಂದು ಮೊಳೆಯಿಂದ ಒಂದೊಂದೇ ಡ್ರಿಪ್ ಇಳಿಸಿದರು. ನನ್ನ ಮುಖ ನೋಡದೆ, "ಡ್ರಿಪ್ ಜಾಸ್ತಿಯಾಗಿ ನನ್ನ ಕೈಯಲ್ಲಿ ಇಷ್ಟು ವರ್ಷದಲ್ಲಿ ಒಂದು ಕೇಸೂ ಹೋಗಿರಲಿಲ್ಲ" ಎಂದರು.

ನಾನೊಬ್ಬಳೇ ತಪ್ಪು ಮಾಡಿದ್ದಲ್ಲ ಎಂದು ಯಾಕೋ ಸ್ವಲ್ಪ ಸಮಾಧಾನವಾಯಿತು. ಕೆಟ್ಟ ಬುದ್ಧಿ.

ಏಪ್ರಿಲ್ 13, ಸೋಮವಾರ

ನಿನ್ನೆ ಐದು ಮಡಕೆ ಬಂದವು. ಈ ಸಲ ಏಮಾರಬಾರದೆಂದು ಶಾಸ್ತ್ರೋಕ್ತವಾಗಿ ಪರೀಕ್ಷೆ ಮಾಡಿದೆ. ಐದಕ್ಕೂ ನೀರು ತುಂಬಿ, ಹಳೆಯ ಪತ್ರಿಕೆಯ ಮೇಲೆ ಇಟ್ಟು, ಮಟ್ಟಕ್ಕೆ ಸೀಮೆಸುಣ್ಣದ ಗೆರೆ ಎಳೆದೆ. ಇವತ್ತು ಬೆಳಿಗ್ಗೆ ನೋಡಿದರೆ ಐದರ ಮೈಯೂ ಒದ್ದೆ, ಪತ್ರಿಕೆ ಮುದ್ದೆ, ನೀರು ಗೆರೆಯಿಂದ ಎರಡು ಬೆರಳು ಕೆಳಗೆ. ಐದಕ್ಕೆ ಐದೂ ಸೋರುತ್ತವೆ!

ಸರಿ, ಆಟೋದಲ್ಲಿ ಹಾಕಿಕೊಂಡು ಮಡಕೆಯಮ್ಮನ ಅಂಗಳಕ್ಕೇ ಹೋದೆ, ಬಟಾಣಿಯೂ ಜೊತೆಗೆ. ಅಮ್ಮ ಊಟ ಮಾಡುತ್ತಿದ್ದಳು; ಅವಳ ಸೊಸೆ ಬದಲಾಯಿಸಿ ಕೊಟ್ಟಳು. ನಾನು ಒಂದೊಂದನ್ನೂ ಬೆರಳಿನಿಂದ ತಟ್ಟಿ, ಉಜ್ಜಿ ನೋಡಿ, ಹೊಳೆಯುವ, ನುಣ್ಣನೆಯ, ಒಂದು ತೊಟ್ಟೂ ಜಿನುಗದ ಐದನ್ನು ಆರಿಸಿಕೊಂಡೆ. ಸಂಜೆಯೊಳಗೆ ಹೂತಿದ್ದೂ ಆಯಿತು. ಗಿಡದಿಂದ ಒಂದು ಗೇಣು ದೂರ. ಸ್ಕೇಲಿಟ್ಟು ಅಳೆದಿದ್ದೇನೆ.

ಏಪ್ರಿಲ್ 16, ಗುರುವಾರ

ಮೂರು ದಿನವಾದರೂ ಮಡಕೆಗಳಲ್ಲಿ ನೀರು ಕಂಠಪೂರ್ತಿ ಹಾಗೇ ಇದೆ. ಎಷ್ಟು ಒಳ್ಳೆಯ ಮಡಕೆ ಎಂದು ನಾನು ಹಿಗ್ಗುತ್ತಿದ್ದೆ. ಗಿಡಗಳು ಮಾತ್ರ ತಲೆ ಬಗ್ಗಿಸಿಕೊಂಡು ನಿಂತಿದ್ದವು.

ಅತ್ತೆ ಹೇಳಿಕಳಿಸಿ ಮಡಕೆಯಮ್ಮನನ್ನು ಕರೆಸಿದರು. ಅವಳು ಬಗ್ಗಿ ನೋಡಿದಳು. ಒಳಗೆ ಕೈ ಹಾಕಿ ಸವರಿದಳು. ಆಮೇಲೆ ನೆಲದ ಮೇಲೆ ಕೂತು, ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು.

"ಇದು ಅಡುಗೆ ಮಡಕೆ ತಾಯಿ! ಉಜ್ಜಿ, ಮೆರುಗು ಕೊಟ್ಟು ಸುಟ್ಟಿರೋದು. ಸೋರಬಾರದು ಅಂತಾನೇ ಮಾಡಿರೋದು. ನಾನು ಆರಿಸಿ ಆರಿಸಿ ಕೊಟ್ಟ ಬೆವರೋ ಮಡಕೇನೆಲ್ಲ ವಾಪಸ್ ತಂದಿಟ್ಟು ಹೋಗಿದ್ದೀಯಲ್ಲ! ಬೆವರೋದೇ ಬೇಕು ನಿನಗೆ. ಬೆವರದೇ ಇದ್ರೆ ಗಿಡಕ್ಕೆ ಏನು, ನೋಡ್ಕೊಂಡು ಕೂತ್ಕೊಳ್ಳೋಕಾ?"

"ಅವಳು ಪರೀಕ್ಷೆ ಮಾಡಿ ನೋಡಿದ್ಲು" ಎಂದರು ಅತ್ತೆ, ನನ್ನ ಪರವಾಗಿಯೋ ವಿರೋಧವಾಗಿಯೋ ತಿಳಿಯಲಿಲ್ಲ.

"ಪಾಸಾದ್ದನ್ನೆಲ್ಲ ಫೇಲ್ ಮಾಡಿದ್ದಾಳೆ" ಎಂದು ಅವಳು ಮತ್ತೆ ನಗಲು ಶುರುಮಾಡಿದಳು. ಅತ್ತೆಗೂ ತಡೆಯಲಾಗಲಿಲ್ಲ. ನಾನು ಸಿಟ್ಟು ಮಾಡಿಕೊಳ್ಳಬೇಕೆಂದುಕೊಂಡೆ. ಬಟಾಣಿ ಎಲ್ಲರನ್ನೂ ಒಮ್ಮೆ ನೋಡಿ, ಕೇಕೆ ಹಾಕಿ ನಕ್ಕಳು. ಅವಳ ಬಾಯಿಂದ ಅಷ್ಟು ದೊಡ್ಡ ನಗು ಹೊರಟದ್ದು ಇದೇ ಮೊದಲು. ಇನ್ನು ನಾನೊಬ್ಬಳು ಯಾಕೆ ಬಿಗಿದುಕೊಂಡು ಕೂರಲಿ?

ಅಗೆದು, ತೆಗೆದು, ಅವಳು ವಾಪಸ್ ಕಳಿಸಿದ ಬೆವರುವವನ್ನು ಹೂತು, ಸುತ್ತ ಒಣ ಹುಲ್ಲು ಹೊದಿಸಿದೆವು. ಮೆರುಗಿನ ಮಡಕೆಗಳಲ್ಲಿ ಒಂದನ್ನು ಅತ್ತೆ ಅಡುಗೆಗೆ ಇಟ್ಟುಕೊಂಡರು.

ಏಪ್ರಿಲ್ 19, ಭಾನುವಾರ

ಹಾಲು: 8 ಸಲ. ಒಂಬತ್ತಿರಬಹುದು.

ಕೈ ಕಟ್ಟಿ ಕೂರುವುದು ಎಷ್ಟು ಕಷ್ಟದ ಕೆಲಸ! ಮಡಕೆಯಮ್ಮನ ಕಟ್ಟಪ್ಪಣೆ: ಗಿಡದ ಬುಡಕ್ಕೆ ಒಂದು ಲೋಟವೂ ಹಾಕಕೂಡದು, ಮಡಕೆ ಮಾತ್ರ ತುಂಬಿಸಬೇಕು. ಬೆಳಿಗ್ಗೆ ಯಾರೂ ಇಲ್ಲದ್ದು ನೋಡಿಕೊಂಡು ಒಂದು ಚೊಂಬು ಹಿಡಿದು ಹೊರಗೆ ಹೋದೆ.

"ಆ ಚೊಂಬು ಎಲ್ಲಿಗೆ?" ಕಿಟಕಿಯಿಂದ ಅತ್ತೆ.

"ಕಾಲು ತೊಳ್ಕೊಳ್ಳೋಕೆ."

"ಸೀಬೆ ಗಿಡದ ಕಾಲಾ?"

ಇವರು ಹಲ್ಲುಜ್ಜುತ್ತಿದ್ದವರು ನಕ್ಕು ನೊರೆ ಉಗುಳಿದರು. ಎರಡನೇ ಬೆಡ್ಡಿನ ದಾಳಿಂಬೆಯ ಎಲೆಯೆಲ್ಲ ಉದುರಿ ಬರೀ ಕಡ್ಡಿಯಾಗಿದೆ. ಅದೂ ಹೋಗುತ್ತದೆ, ನನಗೆ ಗೊತ್ತು.

ಏಪ್ರಿಲ್ 27, ಸೋಮವಾರ

ಹೋಗಲಿಲ್ಲ! ಬುಡದ ಹತ್ತಿರ ಸಾಸಿವೆಯಷ್ಟು ಕೆಂಪು ಚಿಗುರು, ಎರಡು. ಅತ್ತೆಯನ್ನು ಕೂಗಿದೆ. ಅವರು ಕನ್ನಡಕ ಹಾಕಿಕೊಂಡು, ಮಂಡಿಯೂರಿ ನೋಡಿ, "ಬೆಡ್ ಎರಡು, ಐಸಿಯುನಿಂದ ಹೊರಗೆ" ಎಂದರು. ಮೇಲೇಳಲು ನನ್ನ ಕೈ ಹಿಡಿದುಕೊಂಡರು. ಹಗುರ ಕೈ.

ಮಡಕೆಗಳ ಸ್ವಭಾವ ನೋಡುವುದೇ ಒಂದು ಮಜ. ಹುಣಸೆಯ ಮಡಕೆ ಐದು ದಿನಕ್ಕೂ ಅರ್ಧ ಮಾತ್ರ ಇಳಿದಿರುತ್ತದೆ, ಸೀಬೆಯದು ನಾಲ್ಕನೇ ದಿನಕ್ಕೆ ಖಾಲಿ. ಮೊದಲು ಎಲ್ಲಕ್ಕೂ ಒಂಬತ್ತೇ ಹನಿ ಎಂದು ಹಾಕುತ್ತಿದ್ದೆನಲ್ಲ, ನನ್ನ ತಲೆ! ನಾಲ್ಕು ದಿನಕ್ಕೊಮ್ಮೆ ಬಿಂದಿಗೆ ಹೊತ್ತು ಒಂದು ಸುತ್ತು ಹಾಕಿದರೆ ಮುಗಿಯಿತು.

ಉಳಿದ ಹೊತ್ತಿನಲ್ಲಿ ಏನು ಮಾಡುವುದೋ ತಿಳಿಯದೆ ಮಧ್ಯಾಹ್ನ ಬಟಾಣಿಯ ಪಕ್ಕ ಸುಮ್ಮನೆ ಉರುಳಿಕೊಂಡೆ. ಎದ್ದಾಗ ಸಂಜೆ ಐದು. ಅವಳು ಪಕ್ಕದಲ್ಲಿರಲಿಲ್ಲ. ಹೊರಗೆ ಓಡಿದರೆ ಅತ್ತೆಯ ಮಡಿಲಲ್ಲಿ ಕೂತು, ಅತ್ತೆಯ ಕನ್ನಡಕ ಚೀಪುತ್ತಿದ್ದಳು. "ಕೊಳೆ ಇರುತ್ತೆ ಅತ್ತೆ" ಎಂದೆ. ಹೇಳಬೇಕಲ್ಲ ಎಂದು ಹೇಳಿದ್ದು.

ಮೇ 6, ಬುಧವಾರ

ಒಂಬತ್ತೇ ದಿನ ಉಳಿದಿದೆ. ರಾಜೀನಾಮೆ ಪತ್ರ ಬರೆದೆ. "ಮಗುವಿನ ಆರೈಕೆಯ ಕಾರಣದಿಂದ" ಎಂದು ಶುರುವಾಗಿ "ತಮ್ಮ ವಿಧೇಯಳು" ಎಂದು ಮುಗಿಯುತ್ತದೆ, ದೊಡ್ಡ ಹಾಳೆಯ ತುಂಬ. ಮೂರು ಸಲ ತಿದ್ದಿ ಬರೆದೆ. ಬಾಟಲಿ ಇವತ್ತಿಗೂ ಮುಟ್ಟುವುದಿಲ್ಲ. ಗಂಜಿ ಎರಡು ಚಮಚ ತಿಂದರೆ ಹೆಚ್ಚು. ಬೇರೆ ದಾರಿಯೇ ಇಲ್ಲ.

ಅತ್ತೆಗೆ ಓದಿ ಹೇಳಿದೆ. ಅವರು ಸೊಪ್ಪು ಬಿಡಿಸುತ್ತಲೇ ಕೇಳಿಸಿಕೊಂಡರು.

"ಬಿಡಬೇಕು ಅಂತಿದ್ರೆ ಬಿಡು. ನಿನ್ನ ಇಷ್ಟ. ನಾನು ನಿನ್ನ ಗಂಡನ್ನ ಮೂರು ತಿಂಗಳ ಮಗು ಇದ್ದಾಗ ಬಿಟ್ಟು ಡ್ಯೂಟಿಗೆ ಹೋಗಿದ್ದೆ, ಅದನ್ನ ಹೇಳಿ ನಿನ್ನನ್ನ ಓಡಿಸೋಲ್ಲ. ಆದ್ರೆ ಒಂದು ಮಾತು. ಅತ್ತೆಗೆ ಮಗು ನೋಡೋಕೆ ಬರಲ್ಲ, ಅದಕ್ಕೆ ಬಿಟ್ಟೆ ಅಂತ ನಾಳೆ ನೀನು ನನ್ನ ಮೇಲೆ ಹಾಕಬಾರದು."

"ಹಾಗೆಲ್ಲ ಇಲ್ಲ ಅತ್ತೆ" ಎಂದೆ.

ಇತ್ತು. ಹಾಗೆಯೇ ಅಂದುಕೊಂಡಿದ್ದೆ. ಇಲ್ಲಾದರೂ ನಿಜ ಬರೆಯೋಣ.

ಮೇ 12, ಮಂಗಳವಾರ

ಅಂಚೆಗೆ ಹಾಕಲು ಮನಸ್ಸು ಬರಲಿಲ್ಲ. ಆರು ವರ್ಷ ದುಡಿದ ಜಾಗ, ಕೈಯಾರೆ ಕೊಟ್ಟು ಬರೋಣವೆಂದು ಹೊರಟೆ. ಹೋಗಿ ಬರಲು ಒಂದೂವರೆ ಗಂಟೆ. ಹಾಲು ಕುಡಿಸಿ, ಇನ್ನೊಂದಿಷ್ಟು ಲೋಟದಲ್ಲಿ ತೆಗೆದಿಟ್ಟು, ಅತ್ತೆಗೆ ಹದಿನೇಳು ಸೂಚನೆ ಕೊಟ್ಟು ಹೊರಟೆ. ಅತ್ತೆ, "ನೀನು ಹೋಗು, ಇಲ್ಲಾಂದ್ರೆ ಹೇಳೋದ್ರಲ್ಲೇ ಒಂದೂವರೆ ಗಂಟೆ ಆಗುತ್ತೆ" ಎಂದು ಬಾಗಿಲು ಹಾಕಿಕೊಂಡರು.

ಕಾಲೇಜಿನಲ್ಲಿ ಪ್ರಾಕ್ಟಿಕಲ್ ಪರೀಕ್ಷೆ. ನನ್ನ ಬದಲಿಗೆ ಬಂದಾಕೆ ರಜೆ ಹಾಕಿದ್ದಾಳೆ. ಲ್ಯಾಬಿನ ಅಟೆಂಡರಣ್ಣ ಒಬ್ಬನೇ, ಎಂಟು ಬಾಟಲಿ ಮುಂದಿಟ್ಟುಕೊಂಡು ದಿಕ್ಕೆಟ್ಟು ನಿಂತಿದ್ದಾನೆ. ಒಂದಕ್ಕೂ ಹೆಸರಿನ ಚೀಟಿಯಿಲ್ಲ, ಎಲ್ಲವೂ ನೀರಿನಂತೆ ಬಣ್ಣವಿಲ್ಲದವು. ಅರ್ಧ ಗಂಟೆಯಲ್ಲಿ ನಲವತ್ತು ವಿದ್ಯಾರ್ಥಿಗಳು ಒಳಗೆ ಬರಬೇಕು.

"ದೇವರು ಕಳಿಸಿದ ಹಾಗೆ ಬಂದ್ರಿ ಮೇಡಂ!"

ಚೀಲ ಕೆಳಗಿಟ್ಟೆ. ಕೈ ತಾನಾಗಿ ಕೆಲಸ ಹಿಡಿಯಿತು. ಒಂದೊಂದು ತೊಟ್ಟು ತೆಗೆದು ಪರೀಕ್ಷಿಸಿ, ಇದು ಆಮ್ಲ, ಇದು ಕ್ಷಾರ, ಇದು ಇಂಥದ್ದೆಂದು ಗುರುತಿಸಿ ಚೀಟಿ ಬರೆದು ಅಂಟಿಸಿದೆ. ಪರೀಕ್ಷೆ ಶುರುವಾದ ಮೇಲೂ, ಒಂದು ಬ್ಯೂರೆಟ್ ಸೋರಿತು, ಒಬ್ಬಳು ಹೆದರಿ ಅತ್ತಳು, ಅವಳಿಗೆ ಸಮಾಧಾನ ಹೇಳಿದೆ. ಮೈಮರೆತಿದ್ದೆ. ಗಡಿಯಾರ ನೋಡಿದಾಗ ಮೂರೂವರೆ ಗಂಟೆ ಕಳೆದಿತ್ತು.

ಮನೆಗೆ ಫೋನು ಮಾಡಿದೆ, ಎತ್ತಲಿಲ್ಲ. ನಾಲ್ಕು ಸಲ. ಪ್ರಿನ್ಸಿಪಾಲ್ ಮೇಡಂ ಕೋಣೆಯತ್ತ ತಿರುಗಿಯೂ ನೋಡದೆ ಬಸ್ಸಿಗೆ ಓಡಿದೆ. ದಾರಿಯುದ್ದಕ್ಕೂ ಏನೇನು ಕಲ್ಪಿಸಿಕೊಂಡೆನೋ, ಬರೆಯುವುದಿಲ್ಲ.

ಗೇಟು ತಳ್ಳಿದರೆ, ಹಿತ್ತಲಲ್ಲಿ ಸ್ಟೀಲಿನ ಬೋಗುಣಿಯ ನೀರಿನಲ್ಲಿ ಬಟಾಣಿ ಪಟಪಟ ಕೈ ಬಡಿಯುತ್ತಿದ್ದಾಳೆ. ಅತ್ತೆ ತೊಯ್ದು ತೊಪ್ಪೆಯಾಗಿದ್ದಾರೆ.

"ಫೋನ್ ಯಾಕೆ ಎತ್ತಲಿಲ್ಲ ಅತ್ತೆ?"

"ಒಳಗಿತ್ತು. ಇವಳನ್ನ ನೀರಲ್ಲಿ ಬಿಟ್ಟು ಹೋಗಿ ಎತ್ತಲಾ?"

ಚೀಲ ಕೆಳಗಿಟ್ಟು ಬೋಗುಣಿಯ ಪಕ್ಕ ಕೂತೆ. "ಹಾಲು?"

"ಕುಡಿದಳು. ಲೋಟದಲ್ಲೇ. ಮೊದಲು ಮುಖ ತಿರುಗಿಸಿದಳು. ನಾನೂ ಸುಮ್ಮನಾದೆ. ಅರ್ಧ ಗಂಟೆ ಬಿಟ್ಟು ಅವಳೇ ಲೋಟಕ್ಕೆ ಕೈ ಹಾಕಿದಳು. ಅರ್ಧ ಹೊಟ್ಟೆಗೆ, ಅರ್ಧ ನನ್ನ ಸೀರೆಗೆ."

ಬಾಟಲಿ ಬೇಡವಾದವಳಿಗೆ ಲೋಟ ಹಿಡಿಸಬಹುದೆಂದು ಈ ಎರಡು ತಿಂಗಳಲ್ಲಿ ನನಗೆ ಹೊಳೆದಿರಲಿಲ್ಲ.

ಬರೆಯುವಾಗ ನೆನಪಾಯಿತು, ಚೀಲ ತಡಕಿದೆ. ಪತ್ರವಿಲ್ಲ. ಕೊಟ್ಟೂ ಇಲ್ಲ. ಹಾಗಾದರೆ ಎಲ್ಲಿ? ಅಯ್ಯೋ, ಚೀಟಿಗೆ ಕಾಗದ ಬೇಕಾದಾಗ ಚೀಲದಿಂದ ಒಂದು ಹಾಳೆ ತೆಗೆದು, ಖಾಲಿಯಿದ್ದ ಹಿಂಬದಿಯಲ್ಲಿ ಬರೆದು, ಕತ್ತರಿಸಿ ಎಂಟು ಚೂರು ಮಾಡಿದ್ದೆನಲ್ಲ!

ಮೇ 14, ಗುರುವಾರ

ಬೆಳಿಗ್ಗೆ ಪ್ರಿನ್ಸಿಪಾಲ್ ಮೇಡಂ ಫೋನು.

"ಪರೀಕ್ಷೆ ಉಳಿಸಿದ್ರಿ, ಥ್ಯಾಂಕ್ಸಮ್ಮ. ಇನ್ನೊಂದು ವಿಷಯ. ಅಟೆಂಡರ್ ಬಂದು, ಆಮ್ಲದ ಬಾಟಲಿ ಒಳಗೆ 'ಮಗುವಿನ ಆರೈಕೆ' ಅಂತ ಬರೆದಿದೆ ಮೇಡಂ, ಅಂದ. ಹೋಗಿ ನೋಡ್ತೀನಿ, ಚೀಟಿ ಹಿಂದಿನ ಬರಹ ಗಾಜಿನ ಈಚೆಯಿಂದ ಎಲ್ಲ ಓದೋಕಾಗುತ್ತೆ. ಉಪ್ಪಿನ ದ್ರಾವಣದಲ್ಲಿ 'ರಾಜೀನಾಮೆ'. ಅಮೋನಿಯಾದಲ್ಲಿ 'ತಮ್ಮ ವಿಧೇಯಳು'."

ನನಗೆ ನೆಲ ಬಾಯಿ ಬಿಟ್ಟರೆ ಸಾಕಾಗಿತ್ತು.

"ಇದನ್ನ ನಾನು ಸ್ವೀಕರಿಸಬೇಕು ಅಂದ್ರೆ ಎಂಟೂ ಬಾಟಲಿ ಸಾಲಾಗಿ ಜೋಡಿಸಿ ಸೀಲು ಹಾಕಬೇಕಾಗುತ್ತೆ. ಈಗ ಬಾಯಲ್ಲೇ ಹೇಳಿಬಿಡಿ. ಬರ್ತೀರೋ, ಇಲ್ವೋ?"

ಅತ್ತೆ ಎದುರಿಗೇ ಇದ್ದರು. ಬಟಾಣಿಗೆ ಲೋಟ ಹಿಡಿದಿದ್ದರು. ಕೇಳಿಸಿಕೊಳ್ಳದವರಂತೆ ಗೋಡೆ ನೋಡುತ್ತಿದ್ದರು. ಲೋಟ ಓರೆಯಾಗಿ ಹಾಲು ಮೊಣಕೈಯಿಂದ ಇಳಿಯುತ್ತಿದ್ದರೂ ಅವರಿಗೆ ಗೊತ್ತಾಗಿರಲಿಲ್ಲ.

"ಬರ್ತೀನಿ ಮೇಡಂ" ಎಂದೆ.

ಫೋನು ಇಟ್ಟೆ. ಅತ್ತೆ ಸೆರಗಿನಿಂದ ಮೊಣಕೈ ಒರೆಸಿಕೊಂಡು, "ಬಸ್ಸು ಎಷ್ಟೊತ್ತಿಗೆ?" ಎಂದರು, ನಾನು ಇವತ್ತೇ ಹೊರಡುವವಳೆಂಬಂತೆ.

ಮೇ 17, ಭಾನುವಾರ

ಬೇವಿಗೆ ಒಂಬತ್ತು ಹೊಸ ಎಲೆ. ಇವರು ಬಂದಿದ್ದಾರೆ. ನಾಲ್ಕನೇ ಜಾಗಕ್ಕೆ ಇನ್ನೊಂದು ನೇರಳೆ, ಪಕ್ಕದಲ್ಲಿ ಬೆವರುವ ಮಡಕೆ. ಮಾರುವವಳ ಮುಂದೆಯೇ ನೀರು ಹಾಕಿ, ಸೋರುವುದನ್ನು ಖಚಿತಪಡಿಸಿಕೊಂಡು ತಂದೆ. ಬಟಾಣಿ ಮಣ್ಣು ತಿಂದಳು. ಸ್ವಲ್ಪವೇ. ಬಾಯಿ ಒರೆಸಿದೆ.

ಜೂನ್ 1, ಸೋಮವಾರ

ಲ್ಯಾಬಿನ ಕಪಾಟು ಈಗಲೂ ಕಿರ್ ಅನ್ನುತ್ತದೆಯೇ ಎಂದು ಬೆಳಿಗ್ಗೆ ನೋಡಲೂ ಪುರುಸೊತ್ತಾಗಲಿಲ್ಲ, ಅಷ್ಟು ಕೆಲಸ. ಮನೆಗೆ ಫೋನು ಮಾಡಿದ್ದು ಎರಡು ಸಲ. ಎರಡನೇ ಸಲ ಅತ್ತೆ, "ಮತ್ತೆ ಮಾಡಿದ್ರೆ ಎತ್ತಲ್ಲ" ಎಂದರು.

ಬಸ್ಸಿನಿಂದ ಇಳಿದು ಓಡೋಡಿ ಬಂದೆ. ಅಳುತ್ತಿರುತ್ತಾಳೆ, ನನ್ನನ್ನು ಕಂಡೊಡನೆ ಕೈ ಚಾಚುತ್ತಾಳೆ, ಎತ್ತಿಕೊಂಡು ನಾನೂ ಅಳುವುದು ಎಂದು ದಾರಿಯಲ್ಲೇ ನಿರ್ಧರಿಸಿಕೊಂಡಿದ್ದೆ. ಬಟಾಣಿ ಚಾಪೆಯ ಮೇಲೆ ಕೂತು ದಿನಪತ್ರಿಕೆ ಹರಿಯುತ್ತಿದ್ದಳು. ತಲೆಯೆತ್ತಿ ನೋಡಿ, ಒಂದು ಹಲ್ಲು ತೋರಿಸಿ ನಕ್ಕು, ಮತ್ತೆ ಪತ್ರಿಕೆಗೆ ಬಗ್ಗಿದಳು.

ನಾನು ಚೀಲ ಹಿಡಿದುಕೊಂಡು ನಿಂತೇ ಇದ್ದೆ.

"ತೊಂದರೆ ಕೊಡಬೇಡ" ಎಂದರು ಅತ್ತೆ. "ಈಗಷ್ಟೇ ಮೊದಲ ಪುಟ ಮುಗಿಸಿ ಕ್ರೀಡೆಗೆ ಬಂದಿದ್ದಾಳೆ."

"ಅಳಲೇ ಇಲ್ವಾ ಅತ್ತೆ?"

"ಯಾಕೆ, ಅಳಬೇಕಿತ್ತಾ?"

"ಒಂಚೂರಾದ್ರೂ..."

"ಬೇಕಿದ್ರೆ ನಾನು ಅಳ್ತೀನಿ. ಬೆಳಿಗ್ಗೆಯಿಂದ ಬೆನ್ನು ಮುರಿದುಹೋಗಿದೆ."

ಕೈಕಾಲು ತೊಳೆದು ಚಾಪೆಯ ಇನ್ನೊಂದು ಅಂಚಿಗೆ ಕೂತೆ. ಸ್ವಲ್ಪ ಹೊತ್ತು ಕಾದೆ. ಬಟಾಣಿ ಯೋಚಿಸಿ, ಬಾಯಲ್ಲಿದ್ದ ಒದ್ದೆ ಚೂರೊಂದನ್ನು ತೆಗೆದು ನನ್ನ ಕೈಗೆ ಕೊಟ್ಟಳು. ಬಿಡಿಸಿ ಓದಿದೆ. ಹವಾಮಾನ ವರದಿ: ಮಳೆಯ ಸೂಚನೆಯಿಲ್ಲ, ವಾರವಿಡೀ ಬಿಸಿಲು ಹೀಗೆಯೇ.

ಇರಲಿ. ಮಡಕೆಗಳಲ್ಲಿ ಗುರುವಾರದವರೆಗೆ ನೀರಿದೆ.